ಹಿತ್ತಲಿಗೆ ಬಂದ ಸಮುದ್ರ

ಇಚಲಕರಂಜಿಯಲ್ಲಿ ಮಗ್ಗಗಳು ನಿಂತರೆ ಮನುಷ್ಯರ ಮಾತು ಜೋರಾಗಿ ಕೇಳಿಸುತ್ತದೆ. ಆ ಸಂಜೆ ಕರೆಂಟ್ ಹೋಗಿತ್ತು. ಓಣಿಯ ಎರಡೂ ಬದಿಯ ಶೆಡ್ಡುಗಳ ಖಟಖಟ ಒಮ್ಮೆಲೆ ನಿಂತು, ರಾವಸಾಹೇಬರ ಪಡಸಾಲೆಯಲ್ಲಿ ನಡೆದಿದ್ದ ಮಾತು ಬೀದಿಯ ತನಕ ಹೋಗುತ್ತಿತ್ತು.

ಶನಿವಾರ, ರವಿವಾರ ಮಗ್ಗ ಬಂದ್ ಇಟ್ಟು ಕುಣಕೇಶ್ವರಕ್ಕೆ ಹೋಗುವುದೆಂದು ಗೊತ್ತಾಗಿತ್ತು. ದೇವಗಡದ ಹತ್ತಿರದ ಸಣ್ಣ ಊರು ಅದು. ಸಮುದ್ರದ ದಂಡೆಯಲ್ಲೇ ಶಿವನ ಗುಡಿ. ಕಾಗಲದಲ್ಲಿರುವ ರಾವಸಾಹೇಬರ ತಮ್ಮ ದುಂಡಪ್ಪನ ಮನೆಯವರೂ ಇವರೂ ಕೂಡಿ ವರ್ಷಕ್ಕೊಮ್ಮೆ ಕ್ರೂಝರ್ ಗಾಡಿ ಬಾಡಿಗೆ ಹಿಡಿದು ಹೋಗುತ್ತಾರೆ. ಅದರ ಸಲುವಾಗಿಯೇ ದುಂಡಪ್ಪ ಬಂದು ಕುಳಿತಿದ್ದ.

"ಗ್ಯಾಸಿನ ಶೇಗಡಿ, ಸಣ್ಣ ಸಿಲಿಂಡರ್, ರೊಟ್ಟಿ ಹಂಚು, ಹಿಟ್ಟ ನಾದೂ ಪರಾತ," ಎಂದು ರಾವಸಾಹೇಬರು ಒಂದೊಂದಾಗಿ ನೆನಪು ಮಾಡಿಕೊಂಡರು.

"ಜ್ವಾಳದ ಹಿಟ್ಟ ಹೆಚ್ಚಿಗಿ ಇರ್ಲಿ ಅಣ್ಣಾ. ಸಮುದ್ರದ ಗಾಳಿಗಿ ಹಸಿವು ಭಾಳ. ಹ್ವಾದ ವರ್ಷ ನಿನ್ನ ಮಗ ಒಬ್ಬನ ಒಂದ ಬುಟ್ಟಿ ರೊಟ್ಟಿ ಮುಗಿಸಿದ್ದ."

"ನೀವೇನ ಉಪಾಸ ಇದ್ರೇನ ಕಾಕಾ?" ಎಂದ ಕೇದಾರ.

ಎಲ್ಲರೂ ನಕ್ಕರು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಕೇದಾರನ ತಾಯಿ ಹಾಲವ್ವನೂ ನಕ್ಕಳು. ಕುಣಕೇಶ್ವರದ ಮನೆ ಮನೆಯಲ್ಲಿ ಮೀನು ಬೇಯುತ್ತದೆ. ಲಿಂಗ ಕಟ್ಟಿಕೊಂಡವರು ಅಲ್ಲಿ ಉಣ್ಣುವಂತಿಲ್ಲ. ಹೀಗಾಗಿ ಈ ಮನೆಯವರು ಸಮುದ್ರಕ್ಕೆ ಹೊರಟರೆ ಅಡುಗೆಮನೆಯೂ ಅವರ ಸಂಗಡ ಘಾಟ್ ಇಳಿಯುತ್ತಿತ್ತು.

ಮೊಬೈಲ್ ಬೆಳಕಿನಲ್ಲಿ ಮೆಂತ್ಯೆಸೊಪ್ಪು ಬಿಡಿಸುತ್ತಿದ್ದ ಕೇದಾರನ ಹೆಂಡತಿ ಸ್ನೇಹಲ ತಲೆ ಎತ್ತದೆ, "ಈ ಸಲ ನಾ ಬರಂಗಿಲ್ರಿ," ಎಂದಳು.

"ಯಾಕವಾ, ಆರಾಮ ಇಲ್ಲೇನ?" ಹಾಲವ್ವ ಕೇಳಿದಳು.

"ಆರಾಮ ಅದೇನಿ ಅತ್ತಿ. ರೊಟ್ಟಿ ಬಡಿಯೂದಕ್ಕ ಅಷ್ಟ ದೂರ ಯಾಕ ಹೋಗಬೇಕ? ಇಲ್ಲೆ ಬಡದ್ರ ಮ್ಯಾಲೊಂದ ಫ್ಯಾನರೆ ಇರ್ತೈತಿ."

ಕೇದಾರ ಥಟ್ಟನೆ ಅಂದ: "ನೀ ಬರ್ಲಿಲ್ಲಂದ್ರ ರೊಟ್ಟಿ ಯಾರ ಮಾಡಬೇಕ?"

ಅನ್ನಬಹುದಾದ ಮಾತು ಎಷ್ಟೋ ಇದ್ದವು. ನೀನಿಲ್ಲದಿದ್ದರೆ ನನಗೆ ಬೇಸರ ಅನ್ನಬಹುದಿತ್ತು. ಯಾಕೆ ಸಿಟ್ಟು ಎಂದು ಕೇಳಬಹುದಿತ್ತು. ಬಾಯಿಗೆ ಬಂದದ್ದು ಮಾತ್ರ ರೊಟ್ಟಿ.

ಸ್ನೇಹಲ ಸೊಪ್ಪಿನ ಕಟ್ಟು ಕೆಳಗಿಟ್ಟಳು. "ಮಗ್ಗಕ್ಕ ಎರಡ ದಿನ ಸೂಟಿ ಕೊಟ್ಟೀರಿ. ಹಂಚಿಗಿ ಯಾವಾಗ ಕೊಡ್ತೀರಿ?"

"ಗಡಹಿಂಗ್ಲಜದ ಹುಡಿಗಿ ನೋಡ್ರೆಪಾ," ಎಂದು ದುಂಡಪ್ಪ ತೊಡೆ ಬಡಿದ. "ಆ ಪ್ಯಾಟ್ಯಾಗ ಮೆಣಸಿನಕಾಯಿ ಬಿಟ್ರ ಬ್ಯಾರೆ ಏನೂ ಮಾರಂಗಿಲ್ಲ!"

ರಾವಸಾಹೇಬರು ನಗಲಿಲ್ಲ. "ಹಂಗಲ್ಲವಾ ಸ್ನೇಹಲ. ನಾ ಯಾರನ್ನೂ ಕೀಳ ಅನ್ನಾಂವಲ್ಲ. ನಮ್ಮಪ್ಪ ಕೊಲ್ಲಾಪುರಕ್ಕ ನೂಲ ಮಾರಾಕ ಹ್ವಾದ್ರೂ ಬುತ್ತಿ ಕಟಗೊಂಡ ಹೋಗತಿದ್ದ. ಮುದಕ ಆಗೇನಿ. ಈಗ ಹೆಂಗ ಬಿಡ್ಲಿ?"

"ನೀವು ಬಿಡಬ್ಯಾಡ್ರಿ ಮಾವಾರ. ನಾ ಬರಂಗಿಲ್ಲ, ಅಷ್ಟ."

"ಇರ್ಲಿ ಬಿಡ್ರಿ, ಅಕಿ ದಣದಾಳ," ಎಂದಳು ಹಾಲವ್ವ. "ನಾ ಮಾಡ್ತೀನಿ. ಎಷ್ಟರೆ ಮಂದಿ ಅದೀವಿ?"

ಕೇದಾರನಿಗೆ ಸಮಾಧಾನವಾಯಿತು. ಅಷ್ಟರಲ್ಲಿ ಕರೆಂಟ್ ಬಂತು. ಮಗ್ಗಗಳು ಮತ್ತೆ ಶುರುವಾಗಿ ಎಲ್ಲರ ಮಾತನ್ನೂ ನುಂಗಿದವು.

ಹೊರಗೆ ಕೇದಾರನಿಗೆ ಬೇರೆಯೇ ಹೆಸರಿತ್ತು. ವಾರದ ಸೂಟಿಯ ದಿನವೂ ಮಗ್ಗ ನಡೆಸೆಂದು ಒತ್ತಾಯಿಸಿದ ಬಟ್ಟೆ ವ್ಯಾಪಾರಿಯ ಮುಂದೆ, "ನನ್ನ ಕೆಲಸಗಾರರು ಮನಷ್ಯಾರ, ಯಂತ್ರ ಅಲ್ಲ," ಎಂದು ಮೇಜು ಗುದ್ದಿ ಬಂದವನು ಅವನು. ಚಹಾ ಅಂಗಡಿಯಲ್ಲಿ ಈಗಲೂ ಆ ಮಾತು ಬಂದರೆ ಅವನು ಬೇಡ ಅನ್ನುವುದಿಲ್ಲ, ಮೀಸೆಯಡಿ ನಗುತ್ತಾನೆ.

ಮರುದಿನ ಶೆಡ್ಡಿನ ಹೊರಗೆ ನಿಂತು ಹೌಸಾಬಾಯಿಗೆ ಫೋನ್ ಮಾಡಿದ. ಕುಣಕೇಶ್ವರದಲ್ಲಿ ಪ್ರತಿ ಸಲ ಇವರು ಇಳಿದುಕೊಳ್ಳುವುದು ಅವಳ ಮನೆಯಲ್ಲೇ. ಗಂಡ ದೋಣಿ ನಡೆಸುತ್ತಾನೆ, ಇವಳು ಎರಡು ಕೋಣೆ ಬಾಡಿಗೆಗೆ ಕೊಡುತ್ತಾಳೆ. ಫೋನ್ ಎತ್ತಿದವಳೇ, "ಆಯೀ ಕಶಾ ಆಹೇತ?" ಎಂದು ಮೊದಲು ಅವನ ಅವ್ವನನ್ನೇ ವಿಚಾರಿಸಿದಳು. ಮಾತು ಮರಾಠಿಯಲ್ಲೇ ನಡೆಯಿತು.

"ಆರಾಮ ಇದ್ದಾಳೆ. ಮೊಣಕಾಲು ಸ್ವಲ್ಪ ಹಿಡಿದಿದೆ. ಶನಿವಾರಕ್ಕೆ ಎರಡೂ ಕೋಣೆ ಬೇಕು. ಹಿತ್ತಲ ಕಡೆಯ ಅಡುಗೆ ಜಾಗಾನೂ."

"ಈ ಸಲವಾದರೂ ಅವರಿಗೆ ಸಮುದ್ರ ತೋರಿಸ್ತೀರಾ?" ಎಂದಳು ಹೌಸಾಬಾಯಿ, ನಗುತ್ತಲೇ.

ಕೇದಾರನೂ ನಕ್ಕ. "ಏನು ಮೌಶಿ, ಮೂರು ಸಲ ಬಂದಿದ್ದಾಳಲ್ಲ."

"ಬಂದಿದ್ದಾರೆ. ನನ್ನ ಹಿತ್ತಲಿಗೆ ಬಂದಿದ್ದಾರೆ." ಅವಳು ತಡೆದಳು. ಹೇಳಲೋ ಬೇಡವೋ ಎಂಬಂತೆ. "ಹೋದ ವರ್ಷ ನೀವು ಹೊರಡುವ ದಿನ ನಾನೇ ಕೈ ಹಿಡಿದು ಕರೆದೆ. ಅಂಗಳ ದಾಟಿದರೆ ಮರಳು, ಬನ್ನಿ ಅಂದೆ. ಹಂಚು ಒಲೆಯ ಮೇಲಿದೆ, ಹುಡುಗರು ಹಸಿದು ಬರ್ತಾರೆ ಅಂದರು. ಆಮೇಲೆ ಸಣ್ಣ ದನಿಯಲ್ಲಿ, ಒಂದು ಬಕೆಟ್ ಸಮುದ್ರದ ನೀರು ತಂದುಕೊಡ್ತೀಯಾ ಅಂತ ಕೇಳಿದರು. ತಂದುಕೊಟ್ಟೆ. ತೆಂಗಿನ ಮರದ ಕೆಳಗೆ ಆ ಬಕೆಟ್‌ನಲ್ಲಿ ಒಂದೊಂದೇ ಕಾಲು ಇಳಿಸಿ ನಿಂತರು. ಒಂದಿಷ್ಟು ನೀರು ತಲೆಗೂ ಹಾಕಿಕೊಂಡರು. ಕಾಲು ಒರೆಸಿಕೊಂಡು ಮತ್ತೆ ರೊಟ್ಟಿಗೆ ಕುಳಿತರು."

ಮಗ್ಗದ ಸದ್ದಿನಿಂದ ದೂರ ಸರಿದು ಕೇದಾರ ಬಿಸಿಲಿಗೆ ಬಂದ.

"ಶಾಕಾಹಾರಿಗಳಿಗೆ ನನ್ನಲ್ಲಿ ಬೇರೆಯೇ ಪಾತ್ರೆ ಇವೆ," ಅವಳು ಮುಂದುವರಿಸಿದಳು. "ಮೀನು ಸೋಕಿದ್ದಲ್ಲ. ಅನ್ನ, ಸಾರು, ಪಲ್ಯ ಮಾಡಿಕೊಡ್ತೀನಿ. ನೀವು ಒಂದು ಸಲವೂ ಕೇಳಲಿಲ್ಲ."

ಫೋನ್ ಇಟ್ಟ ಮೇಲೂ ಅವನು ಬಿಸಿಲಲ್ಲೇ ನಿಂತಿದ್ದ. ಆ ದಿನ ಅವನಿಗೆ ಚೆನ್ನಾಗಿ ನೆನಪಿತ್ತು. ದುಂಡಪ್ಪನ ಮಕ್ಕಳ ಜೊತೆ ಮರಳಲ್ಲಿ ಕ್ರಿಕೆಟ್ ಆಡುತ್ತಾ, ಹಿತ್ತಲ ಕಡೆಗೆ ಮುಖ ಮಾಡಿ, "ಅವ್ವಾ, ರೊಟ್ಟಿ ಆದ್ವೇನ?" ಎಂದು ಕೂಗಿದ್ದ. ಅಲ್ಲಿಂದ ಕೂಗಿದರೆ ಕೇಳಿಸುವಷ್ಟು ಹತ್ತಿರವಿತ್ತು ಆ ಹಿತ್ತಲು. "ಬರ್ರಿ, ಆದ್ವು," ಎಂದು ಅವ್ವ ತಿರುಗಿ ಕೂಗಿದ್ದಳು.

ನಾಚಿಕೆಯಾದರೆ ಕೆಲವರು ಸುಮ್ಮನಾಗುತ್ತಾರೆ. ಕೇದಾರ ಸಿಟ್ಟಾಗುವ ಜಾತಿ. ಮನೆಗೆ ಬಂದವನೇ ಅಪ್ಪನ ಎದುರು ನಿಂತ. ಅವ್ವ ಪಕ್ಕದಲ್ಲೇ ಅಕ್ಕಿ ಆರಿಸುತ್ತಿದ್ದಳು, ಸ್ನೇಹಲ ಅರಿವೆ ಮಡಚುತ್ತಿದ್ದಳು.

"ನಿಮ್ಮ ಮಡಿ ಸಲುವಾಗಿ ಅವ್ವ ಬಕೆಟ್ಟಿನ್ಯಾಗ ಸಮುದ್ರ ನೋಡ್ಯಾಳ, ಗೊತ್ತೈತೇನ ನಿಮಗ?" ಎಂದು ಕೂಗಿದ. ಹೌಸಾಬಾಯಿ ಹೇಳಿದ್ದೆಲ್ಲವನ್ನೂ ಕೂಗಿಯೇ ಹೇಳಿದ. "ಒಂದ ಹೆಣ್ಣ ಜೀವ ಸಮುದ್ರದ ದಂಡಿಗಿ ಹೋಗಿ ಕಾಲ ತೋಯಿಸಿಲ್ಲ. ನಿಮಗ ಬಿಸಿ ರೊಟ್ಟಿ ಬೇಕ!"

ರಾವಸಾಹೇಬರು ಕನ್ನಡಕ ತೆಗೆದು ಪಂಚೆಯ ಅಂಚಿನಿಂದ ಒರೆಸಿದರು.  

"ನನಗ ಗೊತ್ತಿರಲಿಲ್ಲ. ತಪ್ಪ ನಂದ, ಒಪ್ಪಿದೆ. ಆದ್ರ ನನಗೊಂದ ಹೇಳ. ನನಗ ವ್ರತ ಐತಿ. ನಿನಗ ಏನೈತಿ?"

"ಏನಂದ್ರ?"

"ಹ್ವಾದ ವರ್ಷ ಆ ದಂಡಿ ಮ್ಯಾಲಿನ ಹೋಟೆಲದಾಗ ಮೀನ ತಿಂದ ಬಂದಿ. ಬಾಯಿ ವಾಸನಿ ನನಗ ಬರ್ಲಿಲ್ಲಂತ ತಿಳದೀಯೇನ? ಮಗ ದೊಡ್ಡಾಂವ ಆಗ್ಯಾನ ಅಂತ ಸುಮ್ಮನಿದ್ದೆ. ಮೀನ ತಿಂದ ಬಂದಾಂವ, ಬಾಯಿ ಸಪ್ಪಗ ಐತಿ ಅಂತ ನಿಮ್ಮವ್ವನ ಕಡೆ ಮತ್ತ ರೊಟ್ಟಿ ಮಾಡಿಸಿಕೊಂಡ ತಿಂದಿ. ಅದ ಯಾರ ಮಡಿ?"

ಸ್ನೇಹಲಳ ಕೈ ಮಡಚುವುದನ್ನು ನಿಲ್ಲಿಸಿತು. ಕೇದಾರ ನೆಲ ನೋಡಿದ. ವ್ಯಾಪಾರಿಯ ಎದುರು ಮೇಜು ಗುದ್ದಿದ ಕೈ ಈಗ ಎಲ್ಲಿ ಇಟ್ಟುಕೊಳ್ಳಬೇಕೆಂದು ತಿಳಿಯದೆ ಜೋತುಬಿದ್ದಿತ್ತು.

ಆದರೆ ಎಲ್ಲರಿಗಿಂತ ಹೆಚ್ಚು ನಾಚಿಕೆಪಟ್ಟವಳು ಹಾಲವ್ವ. ಕದ್ದು ಸಿಕ್ಕಿಬಿದ್ದವಳ ಹಾಗೆ ಸೆರಗನ್ನು ಮುಖಕ್ಕೆ ಎಳೆದುಕೊಂಡಿದ್ದಳು. "ಆ ಹೌಸಾಬಾಯಿ ಯಾಕ ಹೇಳಿದ್ಲೋ ಅದನ್ನ. ವಯಸ್ಸಾದಾಕಿ ಏನೋ ಹುಚ್ಚ ಆಶಾ ಮಾಡಿದೆ. ಮಂದ್ಯಾಗ ಯಾಕ ಆಡಿ ತೋರಸ್ತೀರಿ?" ಅಕ್ಕಿಯ ಮೊರವನ್ನು ಬದಿಗಿಟ್ಟು ಮೆಲ್ಲಗೆ ಎದ್ದಳು. "ನೀವ ಹೋಗಿ ಬರ್ರಿ. ಈ ಸಲ ನಾನೂ ಬರಂಗಿಲ್ಲ."

ಅವಳ ಕೋಣೆಯ ಬಾಗಿಲು ಮುಚ್ಚಿಕೊಂಡಿತು.

ಶುಕ್ರವಾರದ ತನಕ ಆ ಮನೆಯಲ್ಲಿ ಯಾರೂ ಸಮುದ್ರದ ಮಾತು ಎತ್ತಲಿಲ್ಲ. ದುಂಡಪ್ಪ ಫೋನ್ ಮಾಡಿ, "ಗಾಡಿ ಪಕ್ಕಾ ಹೌದಲ್ಲೋ?" ಎಂದಾಗ ಕೇದಾರ, "ಹೌದ್ರಿ ಕಾಕಾ," ಎಂದಷ್ಟೇ ಹೇಳಿದ. ಶುಕ್ರವಾರ ಸಂಜೆ ಕೈಕಾಲು ತೊಳೆದುಕೊಂಡು ನೇರ ಅಡುಗೆಮನೆಗೆ ಹೋಗಿ ಹೆಂಡತಿಯ ಮುಂದೆ ನಿಂತ.

"ರೊಟ್ಟಿ ಮಾಡೂದ ಹೇಳಿಕೊಡ."

ಸ್ನೇಹಲ ಅವನನ್ನು ಮೇಲಿಂದ ಕೆಳಗೆ ನೋಡಿದಳು. "ಯಾಕ, ಮಗ್ಗ ಬಿಟ್ಟ ಖಾನಾವಳಿ ಹಾಕಾವ್ರೇನ?"

"ಅಪ್ಪ ಅಲ್ಲಿ ಉಣ್ಣಂಗಿಲ್ಲ. ಒಣಗಿಸಿದ ರೊಟ್ಟಿ ಕಟಗೊಂಡ ಹ್ವಾದ್ರ ಎರಡ ದಿನ ಆಕ್ಕೈತಿ. ಉಳದಾವ್ರ ಹೌಸಾಬಾಯಿ ಕಡೆ ಉಣ್ಣೂಣು. ನಾ ಹೇಳೇನಿ ಅಕಿಗಿ."

ಅವಳು ಪರಾತವನ್ನು ಅವನ ಕಡೆಗೆ ಸರಿಸಿ, ತಾನು ಗೋಡೆಗೆ ಒರಗಿ ಕುಳಿತಳು. ಕಲಿಸಿದಳೇ ಹೊರತು ಕೈ ಹಚ್ಚಲಿಲ್ಲ. "ನೀರ ಸುಡಬೇಕ. ಗಟ್ಟಿ ನಾದ್ರಿ. ಇನ್ನ ಗಟ್ಟಿ. ಬಡಿಯೂದಂದ್ರ ಸಿಟ್ಟ ತಗಿಯೂದಲ್ರಿ, ಮೆತ್ತಗ."

ಮೊದಲಿನದು ಹಂಚಿಗೆ ಹಾಕುವಾಗಲೇ ಹರಿಯಿತು. ಮುಂದಿನದರ ಅಂಚು ಸೀಳಿತು. ಬೆವರು ಕಣ್ಣಿಗಿಳಿಯಿತು. ರೊಟ್ಟಿ ತಿರುವಿ ಹಾಕುವಾಗ ತೋರುಬೆರಳು ಹಂಚಿಗೆ ತಾಗಿ ಬೊಬ್ಬೆ ಎದ್ದಿತು. ಒಂದು ತಾಸಿಗೇ ಸೊಂಟ ಹಿಡಿಯಿತು. ಅವ್ವ ಈ ಮಣೆಯ ಮೇಲೆ ಎಷ್ಟು ವರ್ಷ ಕುಳಿತಿದ್ದಾಳೆ ಎಂದು ಲೆಕ್ಕ ಹಾಕುವ ಧೈರ್ಯ ಅವನಿಗಾಗಲಿಲ್ಲ.

ಸುಟ್ಟ ವಾಸನೆಗೆ ಹಾಲವ್ವ ಹೊರಗೆ ಬಂದಳು. "ಅಯ್ಯ ನನ ಶಿವನ! ಏಳ, ಏಳ, ನಾ ಮಾಡ್ತೀನಿ."

ಸ್ನೇಹಲ ಅತ್ತೆಯ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡಳು. "ಕುಂದರ್ರಿ ಅತ್ತಿ. ನೋಡೂಣು."

ಇಬ್ಬರೂ ನೋಡಿದರು. ಬಾಗಿಲ ಆಚೆಯಿಂದ ರಾವಸಾಹೇಬರೂ ನೋಡಿದರು.

ಶನಿವಾರ ಬೆಳಿಗ್ಗೆ ದುಂಡಪ್ಪ ಮನೆಯವರೊಡನೆ ಗಾಡಿ ತಂದ. ಬಂದವನೇ ರೂಢಿಯಂತೆ ಶೇಗಡಿ, ಹಂಚು, ಪರಾತ ಎಲ್ಲವನ್ನೂ ಎತ್ತಿ ಹಿಂದಿನ ಸೀಟಿನ ಕೆಳಗೆ ತುಂಬಿಸಿದ. ರಾವಸಾಹೇಬರು ಕೋಲೂರಿಕೊಂಡು ಬಂದು ಅದನ್ನು ನೋಡಿ, "ಇಳಸ," ಎಂದರು.

"ಅಣ್ಣಾ?"

"ಹಂಚ ಇಳಸಂದೆ. ಅದಕ ಸೂಟಿ."

ತಾವೇ ಒಳಗೆ ಹೋಗಿ ಹೆಂಡತಿಯ ಕೋಣೆಯ ಬಾಗಿಲಲ್ಲಿ ನಿಂತರು. "ನಡಿ."

"ನೀವ ಏನ ಉಣ್ಣತೀರಿ?" ಎಂದಳು ಹಾಲವ್ವ ಒಳಗಿನಿಂದ.

ರಾವಸಾಹೇಬರು ಕಂಕುಳಲ್ಲಿದ್ದ ಬಟ್ಟೆಯ ಗಂಟು ತೋರಿಸಿದರು. "ನಿನ್ನ ಮಗನ ರೊಟ್ಟಿ. ಹಲ್ಲ ತಡದ್ರ ಉಣತೀನಿ, ತಡೀಲಿಕ್ಕಂದ್ರ ನೀರಾಗ ನೆನಸತೀನಿ." ಆಮೇಲೆ ತಗ್ಗಿದ ದನಿಯಲ್ಲಿ, "ನಾ ಎಂದೂ ತಿರುಗಿ ನೋಡ್ಲಿಲ್ಲ. ನಡಿ," ಎಂದರು.

ಹಾಲವ್ವ ಬಂದಳು. ಸ್ನೇಹಲಳೂ ಬಂದಳು.

ರಾಧಾನಗರಿ ದಾಟಿ, ಫೋಂಡಾ ಘಾಟ್ ಇಳಿದು ಕುಣಕೇಶ್ವರ ಮುಟ್ಟುವಾಗ ಬಿಸಿಲು ಏರಿತ್ತು. ಹೌಸಾಬಾಯಿ ಹಾಲವ್ವನನ್ನು ಹಿತ್ತಲಿಗೆ ಬಿಡಲೇ ಇಲ್ಲ. ಅಂಗಳದಿಂದಲೇ ಮರಳಿಗೆ ಕರೆದೊಯ್ದಳು. ನೀರಿನ ಅಂಚಿನಲ್ಲಿ ಕೇದಾರ ಕೈ ಚಾಚಿದ. ಅವ್ವ ಅದನ್ನು ನೋಡಲಿಲ್ಲವೋ, ನೋಡಿಯೂ ಬಿಟ್ಟಳೋ, ಸೊಸೆಯ ಭುಜ ಹಿಡಿದುಕೊಂಡಳು. ತೆರೆಯೊಂದು ಬಂದು ಅವಳ ಕಾಲನ್ನು ಮೊಣಕಾಲಿನ ತನಕ ತೋಯಿಸಿ ಹೋಯಿತು. "ಅಯ್ಯೋ, ಎಳಕೊಂಡ ಹೊಂಟೈತಲ್ಲ!" ಎಂದು ಚೀರಿ ನಕ್ಕಳು. ಕೇದಾರ ಅವ್ವನ ಆ ನಗೆಯನ್ನು ಹಿಂದೆಂದೂ ಕೇಳಿರಲಿಲ್ಲ.

ಅವಳು ಬಹಳ ಹೊತ್ತು ನಿಂತಳು. ಆಮೇಲೆ ಇದ್ದಕ್ಕಿದ್ದಂತೆ ನಗು ನಿಲ್ಲಿಸಿ ತಲೆ ಎತ್ತಿ ಹೊತ್ತು ನೋಡಿದಳು. ಸೀರೆಯ ನೆರಿಗೆ ಹಿಂಡುತ್ತಾ ಗಡಬಡಿಸಿ ಮಗನ ಕಡೆಗೆ ತಿರುಗಿದಳು.

"ಕೇದಾರ, ಹೊತ್ತ ಆತಲ್ಲೋ. ಹಸದಿರಬೇಕ ನೀವು."

ಕೇದಾರ ಅವ್ವನ ಮುಖ ನೋಡಲಾಗದೆ, ನೀರನ್ನು ಮುಟ್ಟುವವನ ಹಾಗೆ ಬಗ್ಗಿದ. ಉಪ್ಪುನೀರು ಬೊಬ್ಬೆ ಒಡೆದ ಬೆರಳಿಗೆ ತಾಗಿ ಚುರ್ ಎಂದು ಉರಿಯಿತು. ಅವನು ಕೈ ತೆಗೆಯಲಿಲ್ಲ.