ನಾಯಿಯ ಪಾಲು

"ಒಂದು ಕೊಡದಷ್ಟು ನೀರು ಮನಷ್ಯಾನ ಹೊಟ್ಯಾಗ ಹೆಂಗ ಹಿಡಿತಪಾ?"

ಕೆಂಪವ್ವ ಕೇಳಿದ್ದು ಯಾರನ್ನೂ ಅಲ್ಲ. ದಡ್ಡಿ ಊರಿನ ಹೊಳೆದಂಡೆಯಲ್ಲಿ ಒಬ್ಬಳೇ ಕೂತು ಗಂಡನ ಕಂಬಳಿ ಒಗೆಯುತ್ತಿದ್ದಳು. ಘಟಪ್ರಭೆ ತನ್ನ ಪಾಡಿಗೆ ತಾನು ಹರಿಯುತ್ತಿತ್ತು. ಕಂಬಳಿಯನ್ನು ಎತ್ತಿ ಬಂಡೆಗೆ ಬಡಿದಳು, ತಿರುವಿದಳು, ಮತ್ತೆ ಬಡಿದಳು. ಮಾಲಿಂಗಪ್ಪ ಸತ್ತು ಎಂಟು ದಿನವಾಗಿತ್ತು. ಅವಳ ಕಣ್ಣಿಂದ ಒಂದು ಹನಿ ಉದುರಿರಲಿಲ್ಲ. "ಕಲ್ಲ ಕುಂತಂಗ ಕುಂತಾಳ ನೋಡ" ಎಂದು ಹಟ್ಟಿಯ ಹೆಂಗಸರು ಆಡಿಕೊಂಡದ್ದು ಕಿವಿಗೆ ಬಿದ್ದಿತ್ತು. ಬಿದ್ದದ್ದು ಕಿವಿಯಲ್ಲೇ ಉಳಿದಿತ್ತು, ಒಳಗೆ ಇಳಿದಿರಲಿಲ್ಲ.

ಮೂರು ವರ್ಷದಿಂದ ಮಾಲಿಂಗಪ್ಪನ ಬಲಪಕ್ಕೆಯ ಕೆಳಗೆ ಗಡ್ಡೆಯೊಂದು ಬೆಳೆಯುತ್ತ ಬಂದಿತ್ತು. ನೋವಿಲ್ಲ, ಜ್ವರವಿಲ್ಲ. "ಬಸರಾಗೇನಿ ಕೆಂಪಿ, ಬಾಣಂತನಕ್ಕ ನಿನ್ನ ತವರಮನಿಗೇ ಹೋಗತೇನಿ" ಎಂದು ಅವನೇ ನಗಿಸುತ್ತಿದ್ದ. ಉಸಿರಾಡುವುದೇ ಕಷ್ಟವಾದಾಗ ಚಕ್ಕಡಿಯಲ್ಲಿ, ಆಮೇಲೆ ರೈಲಿನಲ್ಲಿ, ದೊಡ್ಡ ದವಾಖಾನೆಗೆ ಒಯ್ದರು. ಅಲ್ಲಿ ಕೊಯ್ದು ತೆಗೆದದ್ದನ್ನು ನರ್ಸಬಾಯಿ ಬೋಗುಣಿಯಲ್ಲಿ ತಂದು ತೋರಿಸಿದಳು. ಬಿಳಿಯ ಚೀಲಗಳು. ಕೆಲವು ಬಾರಿಹಣ್ಣಿನಷ್ಟು, ಕೆಲವು ನಿಂಬೆಯಷ್ಟು, ಒಳಗೆ ತಿಳಿನೀರು. ಹೊಟ್ಟೆಯಿಂದ ಬಸಿದ ನೀರೇ ಒಂದು ಕೊಡವಾಯಿತೆಂದಳು. ಮಾರನೆಯ ದಿನ ಮಾಲಿಂಗಪ್ಪ ಹೋದ. ಕೆಂಪವ್ವನ ನೆನಪಿನಲ್ಲಿ ಉಳಿದದ್ದು ಆ ಬೋಗುಣಿಯೊಂದೇ. ಯಾಕೆಂದರೆ ಅಂಥ ಚೀಲ ಅವಳಿಗೆ ಹೊಸದಲ್ಲ. ಕುರಿ ಕೊಯ್ದಾಗೆಲ್ಲ ಅದರ ಪುಪ್ಪಸದಲ್ಲಿ ನೋಡುತ್ತಲೇ ಬೆಳೆದವಳು.

ಕಂಬಳಿ ಒಗೆಯುವುದಕ್ಕೆ ಮೂರು ದಿನ ಮೊದಲು, ಸಾವಿನ ಐದನೆಯ ದಿನ, ಮುಂಬಯಿ ಸರಕಾರದ ದನದ ಡಾಕ್ಟರ್ ರಾಚಪ್ಪ ಗೋಕಾಕದಿಂದ ಬಂದು ಹಟ್ಟಿಯ ಕುರಿಗಳಿಗೆ ಸೂಜಿ ಚುಚ್ಚುತ್ತಿದ್ದ. ಕೆಂಪವ್ವ ಕುರಿಯ ಕಾಲು ಹಿಡಿದು ಕೂತಿದ್ದಳು.

"ಸಾಹೇಬ್ರ, ಕುರಿ ಪುಪ್ಪಸದಾಗ ನೀರಿನ ಚೀಲ ಇರತಾವಲ್ರಿ, ಅವು ನನ್ನ ಗಂಡನ ಹೊಟ್ಯಾಗೂ ಇದ್ದೂವ್ರಿ."

ರಾಚಪ್ಪ ಸೂಜಿ ಕೆಳಗಿಟ್ಟ. "ಯಾರ ಹೇಳಿದ್ರವ್ವಾ ನಿನಗ?"

"ಯಾರೂ ಇಲ್ರಿ. ನೋಡೇನಿ."

ಅವನು ನೆಲದ ಮೇಲೇ ಕೂತ. "ಖರೇನ ನೋಡೀದಿ. ಆ ಚೀಲ ತಿಂದ ನಾಯಿ ಕರುಳಾಗ ನುಚ್ಚಿನಷ್ಟ ಸಣ್ಣ ಹುಳ ಆಕ್ಕಾವ. ಅವುಗಳ ತತ್ತಿ ನಾಯಿ ಹೇಲಾಗ ಬಂದು ಹುಲ್ಲಿಗೆ ಹತ್ತತಾವ, ಅದರ ಕೂದಲಕ್ಕೂ ಹತ್ತತಾವ. ಹುಲ್ಲು ಮೇದ ಕುರಿಗೂ ಚೀಲ, ನಾಯಿ ಸವರಿದ ಕೈಲೆ ರೊಟ್ಟಿ ತಿಂದ ಮನಷ್ಯಾಗೂ ಚೀಲ."

"ಹಂಗಾರ ನಾಯಿ ಕೊಲ್ಲಬೇಕೇನ್ರಿ?"

"ನಾಯಿದೇನ ತಪ್ಪವಾ? ತಿನ್ನಸವ್ರು ನಾವು. ಅಡಕಿಯಿಂದ ಮಾಡಿದ ಔಷಧ ಕೊಡತೇನಿ, ಕುಡಿಸಿ ಎರಡು ದಿನ ಕಟ್ಟಿಹಾಕು, ಹೇಲು ಸುಡು. ಆದ್ರ ಮತ್ತ ಚೀಲ ತಿನ್ನಿಸಿದ್ರ ಮತ್ತ ಹುಳ ಬಂದ ಬರತಾವ."

ಮಗಳು ರಾಮವ್ವನಿಗೆ ಆರು ವರ್ಷ. ಹಟ್ಟಿಯ ನಾಯಿ ಕರಿಯನ ಹೊಟ್ಟೆಯೇ ಅವಳ ತಲೆದಿಂಬು. ಒಂದು ತುತ್ತು ತನಗೆ, ಒಂದು ತುತ್ತು ಅದಕ್ಕೆ. ಕೆಂಪವ್ವ ಅವಳನ್ನು ಕರೆದು ಮುಂದೆ ನಿಲ್ಲಿಸಿದಳು. ರಾಚಪ್ಪ ಹೊಟ್ಟೆ ಒತ್ತಿ ನೋಡಿದ.

"ಈಗೇನೂ ಕೈಗೆ ಹತ್ತವಲ್ದು. ಒಳಗ ಇದ್ರೂ ವರ್ಷಗಟ್ಟಲೆ ಗೊತ್ತಾಗೂದಿಲ್ಲ. ಇನ್ನಮ್ಯಾಲರ ಕಾಳಜಿ ಮಾಡು."

ಕೆಂಪವ್ವ ಔಷಧ ಕುಡಿಸಿದಳು. ಕರಿಯನನ್ನು ಬೇವಿನ ಗಿಡಕ್ಕೆ ಕಟ್ಟಿದಳು. ಹೇಲು ಬಳಿದು ಕುಳ್ಳಿನ ಬೆಂಕಿಗೆ ಹಾಕಿದಳು. ಮನೆಯಲ್ಲಿ ಸಾವಾಗಿರುವಾಗ ಇವಳು ನಾಯಿಹೇಲು ಸುಡುತ್ತಿದ್ದಾಳೆಂದು ಜನ ನಿಂತು ನೋಡಿದರು. ಅವಳಿಗೆ ನೋಡಲಿ ಎಂದೂ ಅನ್ನಿಸಲಿಲ್ಲ, ನಾಚಿಕೆಯೂ ಆಗಲಿಲ್ಲ.

ಒಂಬತ್ತನೆಯ ದಿನ ಟಗರು ಕೊಯ್ದರು. ಆ ಮನೆತನದಲ್ಲಿ ಒಂದು ರೂಢಿ. ಮೂಲಪುರುಷ ಅಡವಿಯಲ್ಲಿ ದಿಕ್ಕುತಪ್ಪಿದಾಗ ಏಳು ಹಗಲು ಏಳು ಇರುಳು ಹಿಂಡು ಕಾಯ್ದದ್ದು ನಾಯಿ ಎಂದು ಡೊಳ್ಳಿನ ಪದದಲ್ಲಿ ಹಾಡುತ್ತಿದ್ದರು. ಹಾಗಾಗಿ ಸತ್ತವನ ದಿನದಂದು ಅವನ ಹೆಂಡತಿ ಟಗರಿನ ಪುಪ್ಪಸವನ್ನು ತನ್ನ ಕೈಯಾರೆ ನಾಯಿಗೆ ಹಾಕಬೇಕು. ನಾಯಿ ಬಾಯಿ ಹಚ್ಚುವ ತನಕ ಬಳಗದವರು ತುತ್ತು ಎತ್ತುವಂತಿಲ್ಲ. ಚೀಲ ಹತ್ತಿದ ಪುಪ್ಪಸ ಮನುಷ್ಯರಿಗೆ ಹೇಸಿಗೆ, ನಾಯಿಗೆ ಮೀಸಲು.

ಟಗರಿನ ಪುಪ್ಪಸದಲ್ಲಿ ಮೂರು ಚೀಲ ಇದ್ದವು. ಕೆಂಪವ್ವ ಅದನ್ನು ಬುಟ್ಟಿಯಲ್ಲಿ ಮುಚ್ಚಿಟ್ಟುಕೊಂಡು, ಕರಿಯನ ಮುಂದೆ ಹಾಲುರೊಟ್ಟಿ ಇಟ್ಟಳು. ಕರಿಯ ಲಪಲಪ ತಿಂದಿತು. ಬಳಗ ತಿನ್ನಲಿಲ್ಲ.

"ದನದ ಡಾಕ್ಟರನ ಮಾತ ಕೇಳಿದ್ರ ನಾಳೆ ನಮಗೂ ಅಡಕಿ ಕುಡಿಸಿ ಬೇವಿನ ಗಿಡಕ್ಕ ಕಟ್ಟತಾಳ!" ಎಂದ ಗುಡ್ಡಪ್ಪ, ಹತ್ತರಗಿಯಿಂದ ಬಂದ ಬೀಗ. ನಾಲ್ಕು ಜನ ನಕ್ಕರು.

ಸತ್ತವನ ಅಣ್ಣ ಭೀಮರಾಯ ನಗಲಿಲ್ಲ. ಬೀರದೇವರ ಪೂಜೆ ಅವನದೇ. ಎದ್ದು ಬಂದು ಒಲೆಯ ಹತ್ತಿರ ನಿಂತ. ಕೆಂಪವ್ವ ಸೆರಗು ಮುಂದಕ್ಕೆಳೆದುಕೊಂಡಳು.

"ಪಾಲು ಹಾಕವಾ, ಹೊತ್ತಾಗೇತಿ."

ಅವಳು ಬುಟ್ಟಿಯನ್ನು ತನ್ನತ್ತ ಎಳೆದುಕೊಂಡಳು.

"ಮಂದಿ ಉಪಾಸ ಎದ್ದ ಹೋದ್ರ ನಾಳೆ ನಿನ್ನ ಕುರಿ ನಮ್ಮ ಹಿಂಡಿನ್ಯಾಗ ಕೂಡಸಾಕ ಯಾರೂ ಒಪ್ಪೂದಿಲ್ಲ. ಹೆಣ್ಣಕೂಸು ಕಟಗೊಂಡು ಒಬ್ಬಾಕಿ ಎಲ್ಲಿ ಅಡ್ಡಾಡ್ತಿ?"

ಬೇವಿನ ಕೆಳಗೆ ರಾಮವ್ವ ಕರಿಯನ ಕಿವಿ ಹಿಡಿದು ಅದರ ಮುಖಕ್ಕೆ ಮುಖ ಹಚ್ಚಿ ಏನೋ ಹೇಳುತ್ತಿದ್ದಳು. ಕೆಂಪವ್ವ ಅತ್ತಲೇ ನೋಡುತ್ತಿದ್ದಳು. ಭೀಮರಾಯನ ದನಿ ಒಡೆಯಿತು.

"ನಾಯಿ ಪಾಲು ತಿನ್ನದಿದ್ರ ನನ್ನ ತಮ್ಮಗ ಮ್ಯಾಲಿನ ದಾರಿ ಸಿಗಂಗಿಲ್ಲವಾ. ಅಂವನ್ನ ಎತ್ತಿ ಆಡಿಸಿದಾಂವ ನಾ. ಕೈ ಮುಗಿತೇನಿ, ಇದೊಂದ ಸಲ ಹಾಕು."

ಮೈದುನನಾಗಿದ್ದರೆ ಬೇರೆ, ಅವನು ಭಾವ. ಮದುವೆಯಾಗಿ ಹತ್ತು ವರ್ಷದಲ್ಲಿ ಅವನೆದುರು ಅವಳು ಬಾಯಿ ತೆರೆದಿರಲಿಲ್ಲ. ಬುಟ್ಟಿ ಎತ್ತಿ ಒಲೆಗೆ ಬಗ್ಗಿಸಿದಳು. ಪುಪ್ಪಸ ಉರಿಯಲ್ಲಿ ಸುಂಯ್‌ಗುಟ್ಟಿತು.

"ಹಾಕಂಗಿಲ್ರಿ," ಎಂದಳು. "ಇವತ್ತೂ ಇಲ್ಲ, ಇನ್ನಮ್ಯಾಲೂ ಇಲ್ಲ."