ಮಾತುಗಳ ಸಂದಿಯಲ್ಲಿ ಅವನ ಮುಖ

ಒಗೆದ ಹೊದಿಕೆಯ ಒಂದು ತುದಿ ನನ್ನ ಕೈಯಲ್ಲಿತ್ತು, ಇನ್ನೊಂದು ಮಗಳ ಕೈಯಲ್ಲಿ. ಎಷ್ಟು ಸಲ ಹೇಳಿಕೊಟ್ಟರೂ ಇಬ್ಬರೂ ಸೇರಿ ಹಿಂಡುವಾಗ ಅವಳು ಉಲ್ಟಾ ತಿರುಗಿಸಿ, ನಾನು ಹಾಕಿದ ಸುತ್ತನ್ನೆಲ್ಲ ಬಿಚ್ಚಿಬಿಡುತ್ತಾಳೆ. ನೀರು ಇಳಿಯುವುದಿಲ್ಲ, ಅವಳಿಗೆ ನಗು ಮಾತ್ರ ತಡೆಯುವುದಿಲ್ಲ. ಹಾಗೆ ನಗುತ್ತಿರುವಾಗಲೇ ಫೋನು ಹೊಡೆದುಕೊಂಡಿತು. ಸ್ಟುಡಿಯೋದ ಮೇಲ್ವಿಚಾರಕಿ.

“ಕೊನೇ ಕಂತು ಬಂದಿದೆ ಕಣ್ರೀ, ಸಂಜೆಯೊಳಗೆ ಬೇಕು. ಹೀರೋ, ಹೆಂಡ್ತೀನೂ ಮಗೂನೂ ಬಿಟ್ಟು ಹೋಗೋ ಸೀನು. ಮಾತು ಕಮ್ಮಿ, ಮುಖ ಜಾಸ್ತಿ.”

“ಕಳಿಸಿ.”

“ಅಂದಹಾಗೆ, ನಮ್ಮ ಕೇಳುಗರು ಬರೀತಾನೇ ಇದಾರೆ, ಈ ಹೀರೋ ಅಂದ್ರೆ ಮೈಯೆಲ್ಲ ಉರಿಯುತ್ತೆ ಅಂತ. ನೋಡೋರು ಮಾತ್ರ ಅವನನ್ನ ತಲೆ ಮೇಲೆ ಹೊತ್ಕೊಂಡು ಕುಣೀತಿದಾರೆ. ವಿಚಿತ್ರ ಅಲ್ವಾ?”

“ವಿಚಿತ್ರಾನೇ,” ಎಂದೆ. ಒದ್ದೆ ಕೈಯಲ್ಲಿ ಫೋನು ಜಾರುತ್ತಿತ್ತು. ಹೊಟ್ಟೆ ಮಾತ್ರ ತಣ್ಣಗಾಗಿತ್ತು.

ನನ್ನ ಕೆಲಸ ಇಷ್ಟೇ. ಕಣ್ಣು ಕಾಣದವರು ಟಿವಿ ಧಾರಾವಾಹಿ ಕೇಳುವಾಗ, ಪರದೆಯ ಮೇಲೆ ಏನಾಗುತ್ತಿದೆ ಎಂದು ಹೇಳುವ ಇನ್ನೊಂದು ದನಿ ಬರುತ್ತದಲ್ಲ, ಆ ದನಿಗೆ ನಾನು ಮಾತು ಬರೆದುಕೊಡುತ್ತೇನೆ. ಇಂಗ್ಲಿಷ್ ಧಾರಾವಾಹಿಗೆ ಇಂಗ್ಲಿಷಿನಲ್ಲೇ. ಒಬ್ಬರು ಮಾತು ಮುಗಿಸಿ ಇನ್ನೊಬ್ಬರು ಬಾಯಿ ತೆರೆಯುವ ಸಂದಿಯಲ್ಲೇ ನಮ್ಮ ಮಾತು ನುಗ್ಗಿ ಹೊರಬರಬೇಕು. ಉದ್ದ ವಾಕ್ಯಕ್ಕೆ ಅಲ್ಲಿ ಜಾಗವಿಲ್ಲ. ‘ವಿತ್ ಪ್ರೈಡ್’, ‘ಇನ್ ಪ್ಯಾನಿಕ್’, ‘ಟು ಹಿಸ್ ಶೇಮ್’: ಗಂಡಸೊಬ್ಬನ ಎದೆಯೊಳಗಿನದನ್ನೆಲ್ಲ ಇಂಗ್ಲಿಷು ಇಂಥ ಸಣ್ಣ ಪೊಟ್ಟಣಗಳಲ್ಲಿ ಕಟ್ಟಿಟ್ಟಿದೆ. ಸಂದಿಯ ಅಳತೆ ನೋಡಿ ಒಂದನ್ನು ತುರುಕಬೇಕು. ಸ್ಟುಡಿಯೋದ ನಿಯಮ ಒಂದೇ, ಕಂಡದ್ದನ್ನು ಮಾತ್ರ ಬರೆಯಬೇಕು.

ಆ ಹೀರೋ ನನ್ನ ಮಗಳ ಅಪ್ಪ.

ಸ್ಟುಡಿಯೋದವರಿಗೆ ಇದು ಗೊತ್ತಿಲ್ಲ. ಮೊದಲ ಕಂತು ಕೈಗೆ ಬಂದಾಗ, ಅವನು ಬೂದುಬಣ್ಣದ ಕೋಟು ಹಾಕಿಕೊಂಡು ಆಫೀಸಿನ ಮೆಟ್ಟಿಲು ಹತ್ತುತ್ತಿದ್ದ. ತಲೆಯೆತ್ತಿ, ಗಾಂಭೀರ್ಯದಿಂದ. ನಾನು ‘ವಿತ್ ಡಿಗ್ನಿಟಿ’ ಎಂದು ಬರೆದೆ. ಅದನ್ನು ಅಳಿಸಿ ‘ವಿತ್ ವ್ಯಾನಿಟಿ’ ಎಂದು ಬರೆದೆ. ಯಾರೂ ಯಾಕೆಂದು ಕೇಳಲಿಲ್ಲ. ಕಣ್ಣಿದ್ದವರು ಈ ದನಿಯನ್ನು ಹಾಕಿಕೊಳ್ಳುವುದಿಲ್ಲ, ಹಾಕಿಕೊಳ್ಳುವವರಿಗೆ ಅವನು ಕಾಣುವುದಿಲ್ಲ. ಸೇಡಿಗೆ ಇದಕ್ಕಿಂತ ಹೇಳಿ ಮಾಡಿಸಿದ ಜಾಗ ಇನ್ನೆಲ್ಲಿ ಸಿಕ್ಕೀತು? ಅಂದಿನಿಂದ ಅವನು ಧೈರ್ಯವಾಗಿ ನಿಂತಲ್ಲೆಲ್ಲ ಪುಕ್ಕಲನಾದ. ಪ್ರೀತಿಯಿಂದ ನೋಡಿದಲ್ಲೆಲ್ಲ ಬೇಸರದಿಂದ ನೋಡಿದ. ಒಂದು ಕಂತಿನಲ್ಲಿ ಅವನು ಮುರಿದ ಕುರ್ಚಿಯೊಂದನ್ನು ಶ್ರದ್ಧೆಯಿಂದ ರಿಪೇರಿ ಮಾಡುತ್ತಾನೆ. ನಾನು ‘ಟು ಎವರಿವನ್ಸ್ ಸರ್ಪ್ರೈಸ್’ ಎಂದು ಸೇರಿಸಿದೆ. ನಮ್ಮ ಮನೆಯ ಅಡುಗೆಮನೆ ಬಾಗಿಲಿನ ಕೀಲು ಈಗಲೂ ಸಡಿಲವಾಗಿಯೇ ಇದೆ.

ಹೊದಿಕೆಯನ್ನು ಹಗ್ಗದ ಮೇಲೆ ಹಾಗೇ ಎಸೆದು ಒಳಗೆ ಬಂದೆ. ಅತ್ತೆ ಮಂಚದ ಮೇಲೆ ಕುಳಿತು ಮಡಿಲಲ್ಲಿ ಕಾಲುಚೀಲಗಳ ರಾಶಿ ಹಾಕಿಕೊಂಡು, ಮುಟ್ಟಿ ಮುಟ್ಟಿ ಜೋಡಿ ಮಾಡುತ್ತಿದ್ದರು. ಮಗ ಮನೆ ಬಿಟ್ಟಾಗ ಅತ್ತೆ ಬಿಡಲಿಲ್ಲ. “ಅವನು ಹೋದ ಅಂತ ನಾನ್ಯಾಕೆ ಹೋಗ್ಲಿ? ನನ್ನ ಮಂಚ ಇಲ್ಲಿದೆ,” ಎಂದಿದ್ದರು. ಆಮೇಲೆ ಅವರ ಕಣ್ಣು ಹೋಯಿತು. ಮೊದಲು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿದ್ದವರು, ಇಂಗ್ಲಿಷೂ ಬರುತ್ತದೆ, ಕಿವಿಯೂ ಚುರುಕು. ಮಗನ ಮುಖವನ್ನು ಈಗ ಅವರು ನೋಡುವುದು ನನ್ನ ಮಾತಿನಲ್ಲೇ.

“ಕೊನೇದಂತಾ?” ಎಂದರು.

“ಹೂಂ ಅತ್ತೆ.”

“ಸಾಯಿಸ್ತಾರಾ ಅವನನ್ನ?”

“ಇಲ್ಲ. ಓಡಿಹೋಗ್ತಾನೆ.”

“ಅದಕ್ಕೆ ಅವನು ನಟನೆ ಮಾಡೋದೇ ಬೇಡ ಬಿಡು.”

ಮಗಳು ಕಿಸಕ್ಕನೆ ನಕ್ಕಳು. ಅಪ್ಪನ ಬಗ್ಗೆ ಅವಳು ಸುತ್ತು ಹಾಕಿ ಹಾಕಿ ಕೇಳುವವಳು. ಅಪ್ಪಂಗೆ ಈಜು ಬರ್ತಿತ್ತಾ, ಎಡಗೈಲಿ ಬರೀತಿದ್ರಾ, ನನ್ನ ಥರ ನಿದ್ದೇಲಿ ಮಾತಾಡ್ತಿದ್ರಾ. ಇನ್ನೊಂದು ಪ್ರಶ್ನೆ ಅವಳ ನಾಲಿಗೆಯ ತುದಿಗೆ ಬಂದು ಹಿಂದೆ ಸರಿಯುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಜಡೆ ಹಾಕುವಾಗ ಬರುತ್ತದೆ, ದೀಪ ಆರಿಸುವಾಗ ಬರುತ್ತದೆ. ಅವಳೇ ಕೇಳಲಿ ಎಂದು ಕಾಯುತ್ತಿದ್ದೆ. ಕೇಳದಿದ್ದರೆ ಸಾಕಪ್ಪಾ ಎಂದೂ ಅನ್ನಿಸುತ್ತಿತ್ತು.

ಅನ್ನಕ್ಕಿಟ್ಟು ಕಂಪ್ಯೂಟರಿನ ಮುಂದೆ ಕುಳಿತೆ. ಮಗಳು ಪಕ್ಕದಲ್ಲಿ ಸ್ಟೂಲು ಎಳೆದುಕೊಂಡಳು. ಚಿತ್ರ ನಿಲ್ಲಿಸುವ, ಓಡಿಸುವ ಗುಂಡಿ ಅವಳ ಸುಪರ್ದಿ.

ಪರದೆಯಲ್ಲಿ ಅವನು ಪೆಟ್ಟಿಗೆ ಮುಚ್ಚಿದ. ಹಜಾರ ದಾಟಿದ. ಮಗು ಮಲಗಿದ ಕೋಣೆಯ ಬಾಗಿಲನ್ನು ಸದ್ದಾಗದಂತೆ ತಳ್ಳಿದ. ಹಾಸಿಗೆಯ ಬಳಿ ಮೊಣಕಾಲೂರಿ, ಮಗುವಿನ ಹಣೆಯ ಕೂದಲು ಸರಿಸಿ ಮುತ್ತಿಟ್ಟ. ಕಣ್ಣೀರು ಕೆನ್ನೆಯ ಮೇಲೆ ನಿಧಾನವಾಗಿ ಇಳಿಯಿತು. ಒಳ್ಳೆಯ ನಟ. ಅದನ್ನು ಯಾವತ್ತೂ ಇಲ್ಲವೆಂದಿಲ್ಲ.

ನಮ್ಮ ಮನೆ ಬಿಟ್ಟ ದಿನ ಅವನು ಮಗಳ ಕೋಣೆಯ ಬಾಗಿಲನ್ನು ಮುಟ್ಟಿರಲಿಲ್ಲ. ಹೊಸ್ತಿಲಲ್ಲಿ ನಿಂತು ನನ್ನೆದುರು ಒಂದಿಷ್ಟು ಕಣ್ಣೊರೆಸಿಕೊಂಡ, ಅಷ್ಟೆ. ನಾನು ಅಡುಗೆಮನೆಯ ಕಿಟಕಿಗೆ ಓಡಿದೆ. ಕೆಳಗೆ ಬೀದಿಯಲ್ಲಿ ಅವನು ಪೆಟ್ಟಿಗೆಯನ್ನು ಕಾರಿಗೆ ಹಾಕಿ, ಅಂಗಿಯ ಮೇಲಿನ ಗುಂಡಿ ಬಿಚ್ಚಿದ. ಬಿಗಿಯಾದ ಬೂಟು ಕಳಚಿದವನ ಹಾಗೆ ಉದ್ದಕ್ಕೆ ಉಸಿರುಬಿಟ್ಟ. ಅವನ ಮುಖದ ಮೇಲಿದ್ದುದಕ್ಕೆ ಏನು ಹೆಸರು ಎಂದು ಆಗ ನನಗೆ ತೋಚಿರಲಿಲ್ಲ. ಈ ಕೆಲಸಕ್ಕೆ ಸೇರಿದ ಮೇಲೆ ತೋಚಿತು. ಅಂದಿನಿಂದ ಅದನ್ನು ತೆಗೆದಿಟ್ಟಿದ್ದೆ, ಇಂಥದೊಂದು ಸಂದಿಗಾಗಿ.

ಈಗ ಬರೆದೆ. ಸರಿಯಾಗಿ ಕೂರುತ್ತದೆಯೋ ಎಂದು ನೋಡಲು ಚಿತ್ರದ ಜೊತೆಗೆ ಗಟ್ಟಿಯಾಗಿ ಓದಿದೆ. “ಹಿ ಕಿಸಸ್ ದ ಚೈಲ್ಡ್... ವಿತ್ ರಿಲೀಫ್.”

ಹೇಳಿ ಮಾಡಿಸಿದ ಹಾಗೆ ಕೂತಿತು.

“ನಿಲ್ಸು,” ಎಂದರು ಅತ್ತೆ.

ಮಗಳು ಗುಂಡಿ ಒತ್ತಿದಳು. ಒದ್ದೆ ಕೆನ್ನೆ ಪರದೆಯ ತುಂಬ ನಿಂತಿತು.

“ಏನಂದೆ?”

“ವಿತ್ ರಿಲೀಫ್.”

“ಅವನು ಮೂಗು ಎಳ್ಕೊಂಡಿದ್ದು ನಂಗೆ ಕೇಳಿಸ್ತು. ಕಣ್ಣು ಹೋಗಿರೋದು ಕಣೆ, ಕಿವಿ ಅಲ್ಲ.”

“ಅದು ನಾಟಕ ಅತ್ತೆ.”

“ನಾಟಕ ಅಂತ ನಂಗೆ ಹೇಳ್ಕೊಡ್ತೀಯಾ? ಹೊಟ್ಟೆನೋವು ಅಂತ ಶಾಲೆ ತಪ್ಪಿಸೋವಾಗ್ಲೂ ಹೀಗೇ ಎಳೀತಿದ್ದ. ಅವನ ನಾಟಕ ಏನು ಅಂತ ಹೇಳೋದಕ್ಕೆ ತಾನೆ ನಿಂಗೆ ಸಂಬಳ? ಇಷ್ಟು ದಿನ ಸುಮ್ನಿದ್ದೆ, ನಿನ್ನ ಸಿಟ್ಟು ಆರ್ಲಿ ಅಂತ.” ಒಂದು ಕಾಲುಚೀಲವನ್ನು ಜೋಡಿ ಸಿಗದೆ ತಿರುಗಿಸಿ ಮುರುಗಿಸಿ ಮುಟ್ಟಿದರು. “ಸುಳ್ಳ್ಯಾಕೆ, ಕೇಳ್ತಾ ಕೇಳ್ತಾ ನಂಗೂ ಒಂಥರಾ ಖುಷೀನೇ ಆಗ್ತಿತ್ತು. ಆದ್ರೆ ಇವತ್ತು ಕೂಸು ಪಕ್ಕದಲ್ಲೇ ಕೂತಿದೆ.”

“ಕೂತಿರ್ಲಿ. ನಾನು ಬದಲಾಯಿಸಲ್ಲ. ಎಲ್ಲ ಕಂತಲ್ಲೂ ಬರೆದಿದ್ದು ಸುಳ್ಳೇ ಇರಬಹುದು, ಇದೊಂದು ಅಲ್ಲ.”

ಬಾಯಿ ತಪ್ಪಿ ಬಂತು. ಅತ್ತೆಯ ಬೆರಳು ನಿಂತಿತು. ಒಲೆಯ ಮೇಲೆ ಅನ್ನ ಉಕ್ಕಿ ಸುಂಯ್ ಎಂದಿತು. ನಾನು ಏಳಲಿಲ್ಲ.

ಮಗಳು ಪರದೆಯ ಹತ್ತಿರಕ್ಕೆ ಮುಖ ತಂದು ಆ ಕೆನ್ನೆಯ ಹನಿಯನ್ನು ನೋಡಿದಳು. ಆಮೇಲೆ ಅದರ ಕೆಳಗೆ ನಾನು ಬರೆದದ್ದನ್ನು ಬೆರಳಿಟ್ಟು ಅಕ್ಷರ ಅಕ್ಷರವಾಗಿ ಓದಿದಳು. ಆಮೇಲೆ ನನ್ನನ್ನು.

“ಅಮ್ಮ, ಕಂಡಿದ್ದನ್ನೇ ಬರೀಬೇಕು ಅಲ್ವಾ ನೀನು?”

“ಹೂಂ ಪುಟ್ಟಾ.”

ಪ್ರಶ್ನೆ ಅವಳ ನಾಲಿಗೆಯ ತುದಿಗೆ ಬಂದದ್ದು ಕಂಡಿತು. ಈ ಸಲ ಅದು ಹಿಂದೆ ಸರಿಯಲಿಲ್ಲ.

“ಹಂಗಾದ್ರೆ, ಅಪ್ಪ ನಿಜವಾಗ್ಲೂ ನನ್ನ ಬಿಟ್ಟು ಹೋದಾಗ ಅವರ ಮುಖ ಈ ಟಿವೀಲಿ ಇರೋ ಥರ ಇತ್ತಾ, ನೀನು ಬರೆದಿರೋ ಥರ ಇತ್ತಾ?”