ಭಾನುವಾರ ಬಾರದ ಮೇಷ್ಟ್ರು

ಆ ದಿನ ಬೆಳಗ್ಗೆಯೇ ಎರಡು ಪ್ರವಾಸಿ ಗುಂಪುಗಳನ್ನು ಗುಡ್ಡ ಹತ್ತಿಸಿ ಇಳಿಸಿದ್ದೆ. ಗುಡ್ಡದ ಮೇಲಿನ ನಮ್ಮೂರು ತಜ್ರೂನಾಗೆ ನೂರಾ ಎಂಬತ್ತಾರು ಮೆಟ್ಟಿಲು. ಬಂದವರು ಏದುಸಿರು ಬಿಡುತ್ತ ಒಂದು ಸಲ ಹತ್ತಿ, ಬಂಡೆಗೆ ಕಚ್ಚಿಕೊಂಡಂತಿರುವ ಹಳೆಯ ಮನೆಗಳ ಮುಂದೆ ಫೋಟೋ ತೆಗೆಸಿಕೊಂಡು, ದೂರದಲ್ಲಿ ಸಮುದ್ರ ಕಂಡಿತೆಂದು ಕೂಗಿ, ಇಳಿದು ಹೋಗುತ್ತಾರೆ. ನಾನು ಹದಿನೇಳು ವರ್ಷದಿಂದ ಹತ್ತಿ ಇಳಿಯುತ್ತಿದ್ದೇನೆ. ಅದೇ ಮಾತು, ಅದೇ ತಿರುವಿನಲ್ಲಿ ಅದೇ ನಗು. ಅರವತ್ತು ತುಂಬಿದ ಮೇಲೆ ಮಂಡಿಗಿಂತ ಮೊದಲು ಬಾಯಿ ಸೋಲತೊಡಗಿತ್ತು.

ಮೆಟ್ಟಿಲ ಬುಡದಲ್ಲಿ ದಲಂದಾಳ ಚಹಾದಂಗಡಿ. ಅಲ್ಲಿ ಚಪ್ಪಲಿ ಕಳಚಿ ಕಾಲು ಚಾಚಿದ್ದೆ. ದಲಂದಾ ಒಳಗಿನಿಂದ ತಲೆ ಹಾಕಿದಳು.

"ಏಯ್ ಮಬ್ರೂಕಾ, ಇನ್ನೊಬ್ರು ಬಂದಿದಾರೆ ನೋಡು. ಒಬ್ರೇ."

"ನಂಗೆ ಜ್ವರ ಅಂತ ಹೇಳು."

"ನಿನ್ ದನಿ ಅವ್ರಿಗೂ ಕೇಳಿಸ್ತು, ಮಹಾರಾಣಿ. ಮೇಲಕ್ಕೆ ಹತ್ತೋದು ಬೇಡ್ವಂತೆ. ಹಳೇ ಸ್ಕೂಲು, ಕೆಳಗಿನ ಹೊಲ ತೋರ್ಸಿದ್ರೆ ಸಾಕಂತೆ."

ಹೊರಗೆ ಮುದುಕರೊಬ್ಬರು ಕೋಲು ಊರಿಕೊಂಡು ನಿಂತಿದ್ದರು. ಮೇ ತಿಂಗಳ ಬಿಸಿಲಲ್ಲೂ ಕೋಟು. "ನಿಮಗೆ ತೊಂದರೆ ಆಗಲ್ಲ ತಾನೆ?" ಎಂದು ಕೇಳಿ, ಮಾತು ಮುಗಿಸುತ್ತ ಗದ್ದವನ್ನು ಸ್ವಲ್ಪ ಮೇಲಕ್ಕೆತ್ತಿದರು. ಅಷ್ಟೇ ಸಾಕಾಯಿತು. ನಲವತ್ತೆಂಟು ವರ್ಷದ ಹಿಂದೆ ಕಪ್ಪುಹಲಗೆಯ ಮುಂದೆ ನಿಂತು, ಪ್ರತಿ ಪ್ರಶ್ನೆಯ ಕೊನೆಗೂ ಹಾಗೆಯೇ ಗದ್ದ ಎತ್ತುತ್ತಿದ್ದ ತಿಜಾನಿ ಮೇಷ್ಟ್ರು. ನಾವು ಮಕ್ಕಳು ಅವರನ್ನು ಗೌರವದಿಂದ 'ಸೀದಿ' ಎನ್ನುತ್ತಿದ್ದೆವು. ಆಗ ಅವರಿಗೆ ಇಪ್ಪತ್ತೈದು, ನನಗೆ ಹನ್ನೆರಡು.

ಅವರಿಗೆ ನನ್ನ ಗುರುತು ಹತ್ತಲಿಲ್ಲ. ಹೇಗೆ ಹತ್ತೀತು? ನಾನೂ ಹೇಳಲಿಲ್ಲ. ಶಾಲೆಯೊಳಗೆ, ನನ್ನ ಬೆಂಚಿದ್ದ ಜಾಗದಲ್ಲಿ ನಿಂತು ಹೇಳಿದರೆ ಮುದುಕರಿಗೆ ಖುಷಿಯಾದೀತು ಎಂದುಕೊಂಡೆ. ದಣಿವಿನ ನಡುವೆಯೂ ಆ ಯೋಚನೆ ಹಿತವಾಗಿತ್ತು. ಏಕೆಂದರೆ ಆ ಮೇಷ್ಟ್ರ ಮೇಲೆ ನನಗೆ ಇದ್ದದ್ದು ಬರೀ ಗೌರವವಲ್ಲ, ಋಣ. ಆರನೇ ತರಗತಿಯ ಪರೀಕ್ಷೆ ಗೆದ್ದವರಿಗೆ ಪಟ್ಟಣದ ದೊಡ್ಡ ಶಾಲೆ, ಅಲ್ಲೇ ಊಟ, ಅಲ್ಲೇ ವಾಸ. ಊರಿನ ಹೆಣ್ಣುಮಕ್ಕಳಲ್ಲಿ ನನ್ನೊಬ್ಬಳ ಹೆಸರನ್ನೇ ಅವರು ಆರಿಸಿದ್ದರು. ಅರ್ಜಿಗೆ ನಮ್ಮ ಬಾಬಾ ಹೆಬ್ಬೆಟ್ಟು ಒತ್ತಬೇಕಿತ್ತು. ಒತ್ತಲಿಲ್ಲ. "ನಿಮ್ಮಪ್ಪ ಒಪ್ಪಲಿಲ್ಲಮ್ಮ" ಎಂದು ಮೇಷ್ಟ್ರು ಹೇಳಿದ್ದರು. ಮಾರನೇ ದಿನ ಸಂಜೆ ಮನೆಯಲ್ಲಿ ಬಾಬಾ, "ಅಲ್ಲಿ ಜಾಗ ಇಲ್ವಂತೆ ಕಣೇ" ಎಂದ. ಒಪ್ಪದಿದ್ದುದಲ್ಲದೆ ಮುಖ ನೋಡಿಕೊಂಡು ಸುಳ್ಳನ್ನೂ ಹೇಳುತ್ತಾನಲ್ಲ ಎಂದು ನನ್ನ ಎದೆ ಅವತ್ತೇ ಕಲ್ಲಾಯಿತು. ಮತ್ತೆ ಮೆತ್ತಗಾಗಲಿಲ್ಲ.

ಶಾಲೆಯ ಚಾವಣಿ ಅರ್ಧ ಕುಸಿದಿದೆ. ಉಳಿದರ್ಧದ ಕೆಳಗೆ ಯಾರೋ ಒಣಹುಲ್ಲು ಒಟ್ಟಿದ್ದಾರೆ. ಮೇಷ್ಟ್ರು ಕೋಲಿನ ತುದಿಯಿಂದ ನೆಲ ಕೆದಕಿ, ಕಿಟಕಿಯ ಕಲ್ಲನ್ನು ಮುಟ್ಟಿ ನೋಡಿ, ಅಲ್ಲೇ ಒರಗಿ ನಿಂತರು.

"ಮಗಳೇ, ಈ ಊರಲ್ಲಿ ಬೂಬಕ್ಕರ್ ಅಂತ ಒಬ್ಬರಿದ್ರು. ಕೆಳಗೆ ಆಲಿವ್ ತೋಪು ಇತ್ತು ಅವರಿಗೆ."

"ಇದ್ರು. ತೀರಿಹೋಗಿ ಇಪ್ಪತ್ತು ವರ್ಷ ಆಯ್ತು."

ಅವರು ಕಣ್ಣು ಮುಚ್ಚಿಕೊಂಡರು. "ಅವರ ಮಗಳು? ಎಲ್ಲಿಗೆ ಕೊಟ್ರು ಅವಳನ್ನ?"

ಇಗೋ ನಾನೇ ಎನ್ನಲು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಅವರೇ ಮುಂದುವರಿಸಿದರು.

"ಅವಳ ಹತ್ರ ಒಂದು ಮಾತು ಹೇಳಬೇಕಿತ್ತು. ಹೋದ ಚಳಿಗಾಲ ಆಸ್ಪತ್ರೇಲಿ ಮಲಗಿದ್ದಾಗ ಬೇರೇನೂ ನೆನಪಾಗಲಿಲ್ಲ, ಇದೊಂದೇ. ಪರೀಕ್ಷೆ ಅರ್ಜಿ ತಗೊಂಡು ನಾನು ಬೂಬಕ್ಕರ್ ಹೊಲಕ್ಕೆ ಹೋಗಿದ್ದೆ. ಆತ ಬದು ಕಟ್ತಾ ಇದ್ರು. ಕೈಯೆಲ್ಲ ಮಣ್ಣು. 'ಮೇಷ್ಟ್ರೇ, ಇಂಥ ಕೈಯಲ್ಲಿ ಕಾಗದ ಮುಟ್ಟಬಾರದು, ಭಾನುವಾರ ಬನ್ನಿ, ತೊಳ್ಕೊಂಡು ಕಾದಿರ್ತೀನಿ' ಅಂದ್ರು."

"ಆಮೇಲೆ?"

"ನಾನು ಹೋಗಲಿಲ್ಲ."

ಅವರು ಕಿಟಕಿಯ ಕಲ್ಲನ್ನು ಮತ್ತೆ ಸವರಿದರು.

"ಗೆಳೆಯರ ಜೊತೆ ಸೂಸ್ ಪಟ್ಟಣಕ್ಕೆ ಹೋಗಿಬಿಟ್ಟೆ. ಸಮುದ್ರ ಸ್ನಾನಕ್ಕೆ. ಸೋಮವಾರ ಬೆಳಗ್ಗೆ ಅರ್ಜಿ ಕಟ್ಟು ಕಳಿಸಬೇಕಿತ್ತು, ಕಳಿಸಿದೆ, ಅವಳದೊಂದು ಬಿಟ್ಟು. ಆ ಹುಡುಗಿ ಬಂದು ಮುಂದೆ ನಿಂತಳು. ಏನಂತ ಹೇಳಲಿ? ನಿಮ್ಮಪ್ಪ ಒಪ್ಪಲಿಲ್ಲ ಅಂದೆ. ಮಾರನೇ ದಿನ ಬೂಬಕ್ಕರ್ ಬಂದ್ರು. ಕ್ಷೌರ ಮಾಡಿಸಿಕೊಂಡಿದ್ರು. 'ಭಾನುವಾರ ಕತ್ತಲಾಗೋವರೆಗೂ ಬಾವಿ ಹತ್ರ ಕಾದೆ ಮೇಷ್ಟ್ರೇ, ನಾನೇನಾದ್ರೂ ದಿನ ತಪ್ಪಾಗಿ ಕೇಳಿಸ್ಕೊಂಡ್ನಾ?' ಅಂದ್ರು. ಅಲ್ಲಿ ಜಾಗ ಭರ್ತಿ ಆಯ್ತಂತೆ ಅಂತ ಅವರಿಗೂ ಸುಳ್ಳು ಹೇಳಿ ಕಳಿಸಿದೆ. ಬೇಸಿಗೆ ರಜೆಗೆ ಹೋದವನು ವರ್ಗ ಮಾಡಿಸ್ಕೊಂಡೆ."

ಹೊರಗೆ ಯಾವುದೋ ಬಸ್ಸು ಬಂದು ನಿಂತ ಸದ್ದು. ಮಕ್ಕಳ ಗಲಾಟೆ. ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಯಾರೋ ಬೆನ್ನ ಮೇಲಿಂದ ದೊಡ್ಡ ಮೂಟೆಯನ್ನು ಇಳಿಸಿ, ಅದರ ಎರಡರಷ್ಟು ಭಾರದ ಇನ್ನೊಂದನ್ನು ಹೇರಿದಂತಾಯಿತು. ಕುಳಿತುಬಿಡೋಣ ಎನ್ನಿಸಿತು, ಆದರೆ ಕುಳಿತರೆ ಏಳಲಾಗುತ್ತಿರಲಿಲ್ಲ.

"ಬನ್ನಿ," ಎಂದೆ. "ಹೊಲ ನೋಡಬೇಕು ಅಂದ್ರಲ್ಲ."

ಕತ್ತಾಳೆಬೇಲಿಯ ನಡುವಿನ ಕಾಲುದಾರಿ ಇಳಿಜಾರು. ನಾನು ಮುಂದೆ, ಅವರು ಹಿಂದೆ. ಗೋಧಿ ಕೊಯ್ಲಿಗೆ ಬಂದಿತ್ತು. ಆಲಿವ್ ಮರಗಳಲ್ಲಿ ಹೂವು ಉದುರಿ ಕಾಯಿ ಕಚ್ಚುವ ಹೊತ್ತು. ಬಾಬಾ ಕಟ್ಟಿದ ಬದುಗಳು ಇನ್ನೂ ಮಳೆನೀರು ಹಿಡಿಯುತ್ತವೆ. ಅವನ ಕೊನೆಯ ಕಾಲದಲ್ಲಿ ನಾನೇ ನೋಡಿಕೊಂಡೆ. ರೊಟ್ಟಿ ಮುರಿದು ಸಾರಿನಲ್ಲಿ ನೆನೆಸಿ ಕೊಟ್ಟೆ, ಬಟ್ಟೆ ಒಗೆದೆ. ಮಾತು ಮಾತ್ರ ಅಳೆದು ಆಡಿದೆ. ಸರ್ಕಾರದಿಂದ ಯಾವುದಾದರೂ ಕಾಗದ ಬಂದರೆ ನನ್ನಿಂದಲೇ ಓದಿಸುತ್ತಿದ್ದ. ಓದಿ ಮುಗಿಸಿದ ಮೇಲೆ, "ಎಷ್ಟು ಚೆನ್ನಾಗಿ ಓದ್ತೀಯೇ" ಎನ್ನುತ್ತಿದ್ದ. ಅಣಕಿಸುತ್ತಿದ್ದಾನೆ ಎಂದು ನಾನು ಕಾಗದವನ್ನು ಅವನ ತೊಡೆಯ ಮೇಲೆಸೆದು ಎದ್ದು ಹೋಗುತ್ತಿದ್ದೆ.

ಬಾವಿಯ ಹತ್ತಿರ ಮೇಷ್ಟ್ರು ಕಟ್ಟೆಯ ಮೇಲೆ ಕುಸಿದು ಕುಳಿತರು. ಉಸಿರು ಸರಿಹೋಗಲೆಂದು ಕಾದೆ. ಆಮೇಲೆ ಹೇಳಿದೆ.

"ಸೀದಿ, ಬೂಬಕ್ಕರ್ ಮಗಳು ನಾನೇ."

ಅವರ ಕೋಲು ಜಾರಿ ಬಿತ್ತು. ನನ್ನ ಮುಖವನ್ನು ನೋಡಿದರು, ಕೈಗಳನ್ನು ನೋಡಿದರು. ನನ್ನ ಕೈ ಹಿಡಿದು ಹಣೆಗೆ ಒತ್ತಿಕೊಳ್ಳಲು ಬಂದರು. ನಾನು ಬಿಡಿಸಿಕೊಂಡೆ.

"ಬೈಯಮ್ಮ. ಹೊಡಿ ಬೇಕಾದ್ರೆ."

"ಬೈದು ಏನ್ ಮಾಡ್ಲಿ? ಬೈಯೋದೆಲ್ಲ ಬಾಬಾನಿಗೇ ಬೈದು ಮುಗ್ಸಿದೀನಿ. ಇಪ್ಪತ್ತೆಂಟು ವರ್ಷ, ದಿನಾ, ಬಾಯಿ ತೆರೀದೆ."

ಅವರು ಅಳತೊಡಗಿದರು. ಮುದುಕರ ಅಳುವಿಗೆ ಸದ್ದಿರುವುದಿಲ್ಲ, ಭುಜ ಮಾತ್ರ ಅಲ್ಲಾಡುತ್ತದೆ. ನೋಡುತ್ತ ನಿಂತೆ. ಸಮಾಧಾನ ಹೇಳಬೇಕೆನ್ನಿಸಲಿಲ್ಲ, ಇನ್ನಷ್ಟು ಅಳಿಸಬೇಕೆಂದೂ ಅನ್ನಿಸಲಿಲ್ಲ.

"ಸುಳ್ಳು ಹೇಳಿದ್ದು ಇಬ್ರಿಗೆ," ಎಂದೆ. "ನಾನು ಕೇಳಿಸ್ಕೊಂಡೆ. ಇನ್ನೊಬ್ರು ಬಾಕಿ ಇದಾರೆ. ಏಳಿ."

ಗೋರಿಗಳಿರುವುದು ತೋಪಿನ ಆಚೆ, ಸಂತರೊಬ್ಬರ ಬಿಳಿ ಗುಮ್ಮಟದ ಬದಿಯ ದಿಬ್ಬದಲ್ಲಿ. ಅಲ್ಲಿಗೆ ಏರಬೇಕು. ಅವರ ಮಂಡಿ ಬಗ್ಗುತ್ತಿರಲಿಲ್ಲ. ಹೆಗಲು ಕೊಟ್ಟೆ. ಹತ್ತು ಹೆಜ್ಜೆಗೊಮ್ಮೆ ಇಬ್ಬರೂ ನಿಲ್ಲುತ್ತಿದ್ದೆವು. ಕಂಡವರು ಯಾರೋ ಮಗಳು ತಂದೆಯನ್ನು ಕರೆದೊಯ್ಯುತ್ತಿದ್ದಾಳೆ ಎಂದುಕೊಂಡಿರಬೇಕು. ದಾರಿಯಲ್ಲಿ ಕುರಿ ಹೊಡೆದುಕೊಂಡು ಬಂದವನು, "ದೇವರು ನಿಮ್ಮ ತಂದೇನ ಚೆನ್ನಾಗಿಟ್ಟಿರಲಿ" ಎಂದು ಹರಸಿಯೇ ಹೋದ. ನಾನು ತಿದ್ದಲಿಲ್ಲ. ತಿದ್ದಲೂ ಉಸಿರು ಬೇಕು.

ಬಾಬಾನ ಗೋರಿಯ ಮೇಲೆ ಹೆಸರಿಲ್ಲ, ಸುಣ್ಣ ಬಳಿದ ಒಂದು ಕಲ್ಲು. ನಾನು ತೋರಿಸಿದೆ. ಮೇಷ್ಟ್ರು ಕೋಟಿನ ಗುಂಡಿ ಹಾಕಿಕೊಂಡರು. ನನ್ನ ಹೆಗಲಿನಿಂದ ಕೈ ತೆಗೆದು, ನೆಟ್ಟಗೆ ನಿಲ್ಲಲು ಹೆಣಗಿದರು.

"ಬೂಬಕ್ಕರ್, ನಾನು ತಿಜಾನಿ. ಜಾಗ ಇತ್ತು. ನೀವು ದಿನ ತಪ್ಪಾಗಿ ಕೇಳಿಸ್ಕೊಂಡಿರಲಿಲ್ಲ. ಬರದೇ ಇದ್ದವನು ನಾನು."

ಅಷ್ಟೇ ಹೇಳಿದರು. ಬಳಿಕ ಅಂಗೈ ತೆರೆದು ಸತ್ತವರಿಗಾಗಿ ಹೇಳುವ ಪ್ರಾರ್ಥನೆ ಹೇಳಿದರು. ನಾನೂ ಅಂಗೈ ತೆರೆದೆ. ಇಪ್ಪತ್ತು ವರ್ಷದಲ್ಲಿ ಆ ಕಲ್ಲಿನ ಮುಂದೆ ಕರ್ತವ್ಯಕ್ಕೆಂದು ಎಷ್ಟೋ ಸಲ ನಿಂತಿದ್ದೆ, ಹಬ್ಬಕ್ಕೊಮ್ಮೆ ಸುಣ್ಣ ಬಳಿದಿದ್ದೆ. ಅವತ್ತು ಮಾತ್ರ ಬಗ್ಗಿ ಆ ಕಲ್ಲನ್ನು ಮುಟ್ಟಿದೆ.

ಅವರು ಬಂದಿದ್ದ ಬಾಡಿಗೆ ಕಾರಿನವರೆಗೆ ಮರಳುವಷ್ಟರಲ್ಲಿ ಬಿಸಿಲು ಇಳಿದಿತ್ತು. ಹತ್ತಿಸುವಾಗ ಕೇಳಿದರು: "ಮಗಳೇ, ಕ್ಷಮಿಸಿದ್ಯಾ?"

"ಗೊತ್ತಿಲ್ಲ ಸೀದಿ. ಇವತ್ತು ಸುಸ್ತಾಗಿದೆ. ನೀವು ಬಂದು ಹೇಳಿದ್ದು ಒಳ್ಳೇದಾಯ್ತು. ಅಷ್ಟು ಮಾತ್ರ ಗೊತ್ತು."

ಅವರು ತಲೆಯಾಡಿಸಿದರು. ಕಾರು ಹೊರಟಿತು.

ಅಂಗಡಿಯಲ್ಲಿ ದಲಂದಾ ಲೋಟ ತೊಳೆಯುತ್ತಿದ್ದಳು. "ಏನೇ, ಮುದುಕನ್ನ ಸಮುದ್ರದವರೆಗೂ ನಡೆಸ್ಕೊಂಡು ಹೋಗಿದ್ಯಾ? ಬಸ್ಸಿನವ್ರು ಕಾದು ಕಾದು ತಾವೇ ಹತ್ತಿ ಇಳಿದ್ರು" ಎಂದು ನನ್ನ ಮುಖ ನೋಡಿದವಳು ನಗು ನಿಲ್ಲಿಸಿದಳು. "ಯಾರೇ ಅದು?"

"ನಮ್ಮ ಮೇಷ್ಟ್ರು."

ಅವಳು ಚಹಾ ತಂದಿಟ್ಟು ಪಕ್ಕದಲ್ಲಿ ಕುಳಿತಳು. ನಾನು ಬಾಬಾನ ಜೊತೆ ಆಡಿದ ಒಂದು ಒಳ್ಳೆಯ ಮಾತನ್ನು ನೆನಪಿಸಿಕೊಳ್ಳಲು ಯತ್ನಿಸಿದೆ. ಔಷಧಿ ತಗೊಂಡ್ಯಾ, ಬಾಗಿಲು ಹಾಕು, ಎಣ್ಣೆ ಮುಗೀತು. ಇಪ್ಪತ್ತೆಂಟು ವರ್ಷವನ್ನು ತಿರುವಿ ಹಾಕಿದರೂ ಇಂಥವೇ ಸಿಕ್ಕವು. ಕೊನೆಗೆ ಅವಕ್ಕೆ ಅವನು ಕೊಟ್ಟ ಉತ್ತರಗಳನ್ನೇ ಒಂದೊಂದಾಗಿ, ಅವನ ದನಿ ಹೇಗಿತ್ತೆಂದು ನೋಡಲು, ಮತ್ತೆ ಕೇಳಿಸಿಕೊಳ್ಳುತ್ತ ಕುಳಿತೆ.